ಬೇರೆಯವರು ಬರೆದದ್ದಕ್ಕೆ ವೆಬ್‌ಸೈಟಿನವರನ್ನು ಕಾನೂನಿನಡಿ ಹೊಣೆ ಮಾಡಬೇಕೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ತಂಗಿಯ ಬೇಕರಿ ಬಗ್ಗೆ ಯಾರೋ "ಕೇಕಿನಲ್ಲಿ ಹುಳ ಇತ್ತು" ಎಂದು ಸುಳ್ಳು ರಿವ್ಯೂ ಹಾಕಿದ್ದಾರೆ. ಸೈಟಿನವರು ತೆಗೆಯುತ್ತಿಲ್ಲ. ಇಂಥ ಸೈಟುಗಳ ಮೇಲೇ ಕೇಸು ಹಾಕುವ ಹಾಗೆ ಕಾನೂನು ಇರಬೇಕಲ್ವಾ ಎಂದು ಕೇಳಿದ್ದೀರಿ.

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೂ ನಾನು ಬೇಡ ಎಂದೇ ಹೇಳುತ್ತೇನೆ. ಒಂದು ವಿಷಯದಲ್ಲಿ ಮಾತ್ರ ಬೇಕು ಅನ್ನುತ್ತೇನೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ಕಥೆ ಕೇಳಿ. ಯಾಕೆಂದರೆ ನಾನು ಸೈಟಿನವರ ಕಡೆ ಕೂತು ನೋಟಿಸ್ ತಿಂದವನು.

ನಮ್ಮದು ಸಾಗರದ ಕಡೆ. ಆಗ ನಾನು ಅಡಿಕೆ ಧಾರಣೆಯ ಒಂದು ಚಿಕ್ಕ ಸೈಟ್ ನಡೆಸುತ್ತಿದ್ದೆ. ದಿನಾ ಸಂಜೆ ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆಯ ಬಗೆಗಳಿಗೆ ಬೆಲೆ ಎಷ್ಟೆಷ್ಟು ಎಂದು ಕೇಳಿಕೊಂಡು ಹಾಕುತ್ತಿದ್ದೆ. ಕೆಳಗೆ ಬೆಳೆಗಾರರು ತಮಗೆ ತೋಚಿದ್ದು ಬರೆಯಬಹುದಿತ್ತು. ನಿಜ ಹೇಳಬೇಕೆಂದರೆ ಜನ ಬರುತ್ತಿದ್ದದ್ದು ಧಾರಣೆಗಿಂತ ಜಾಸ್ತಿ ಆ ಹರಟೆಗೆ. 2013ರ ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಜೋರಾಗಿತ್ತು. ಅದಕ್ಕೆ ಮೈಲುತುತ್ತದ ಔಷಧಿ ಹೊಡೆಯುತ್ತಾರೆ. ಒಬ್ಬರು ಬರೆದರು: ಇಂಥ ಅಂಗಡಿಯ ಮೈಲುತುತ್ತ ಕಲಬೆರಕೆ, ಎರಡು ಸಲ ಔಷಧಿ ಹೊಡೆಸಿದರೂ ಕೊಳೆ ನಿಲ್ಲಲಿಲ್ಲ, ಯಾರೂ ತಗೋಬೇಡಿ. ಅಂಗಡಿಯ ಹೆಸರನ್ನೂ ಹಾಕಿದ್ದರು.

ಮುಂದಿನ ವಾರ ನನಗೆ ಲಾಯರ್ ನೋಟಿಸ್ ಬಂತು. ಬರೆದವರಿಗಲ್ಲ, ನನಗೆ. 36 ಗಂಟೆಯೊಳಗೆ ತೆಗೆಯದಿದ್ದರೆ ಐದು ಲಕ್ಷದ ಮಾನನಷ್ಟ ಕೇಸು ಎಂದಿತ್ತು. ಆ ಸೈಟಿನಿಂದ ನನಗೆ ವರ್ಷಕ್ಕೆ ಐದು ಸಾವಿರವೂ ಹುಟ್ಟುತ್ತಿರಲಿಲ್ಲ. 36 ಗಂಟೆ ಯಾಕೆ ಬೇಕು, ಹತ್ತೇ ನಿಮಿಷದಲ್ಲಿ ಅಳಿಸಿದೆ.

ರಾತ್ರಿ ಆ ಬೆಳೆಗಾರರ ಫೋನ್. "ಎಂತಕ್ಕೆ ತೆಗೆದ್ರಿ ಮಾರಾಯ್ರೆ? ಚೀಲ ಇನ್ನೂ ಕೊಟ್ಟಿಗೇಲಿ ಇದೆ, ಬಂದು ನೋಡಿ" ಎಂದರು. ನಾನು ಹೋಗಲಿಲ್ಲ. ಹೋಗಿ ನೋಡಿದ್ದರೂ ನನಗೇನು ಗೊತ್ತಾಗುತ್ತಿತ್ತು, ನಾನೇನು ಲ್ಯಾಬ್ ಇಟ್ಟುಕೊಂಡಿದ್ದೇನೆಯೇ? ಅವರು ಹೇಳಿದ್ದು ನಿಜವೋ ಸುಳ್ಳೋ ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಾಗದೆಯೇ ಅವರ ಬಾಯಿ ಮುಚ್ಚಿಸಿದೆ. ಆ ಅಂಗಡಿ ಮಳೆಗಾಲ ಪೂರ್ತಿ ಮೈಲುತುತ್ತ ಮಾರಿತು. ಅವರು ಮತ್ತೆ ನಮ್ಮ ಸೈಟಿನಲ್ಲಿ ಒಂದಕ್ಷರ ಬರೆಯಲಿಲ್ಲ.

ಸೈಟಿನವರ ತಲೆಗೆ ಹೊಣೆ ಕಟ್ಟಿದರೆ ಆಗುವುದು ಇದೇ. ನಿಜ ಸುಳ್ಳು ಯಾರೂ ತೂಗಿ ನೋಡುವುದಿಲ್ಲ. ಯಾರು ಮೊದಲು ಹೆದರಿಸುತ್ತಾರೋ ಅವರು ಗೆಲ್ಲುತ್ತಾರೆ. ಇವತ್ತು ನಿಮ್ಮ ತಂಗಿಯ ಮೇಲಿನ ಸುಳ್ಳು ಅಳಿಯುತ್ತದೆ, ಸರಿ. ನಾಳೆ ನಿಜವಾಗಿಯೂ ಹುಳ ಇದ್ದ ಕೇಕ್ ಮಾರಿದವನ ಮೇಲಿನ ದೂರೂ ಅಷ್ಟೇ ಬೇಗ ಅಳಿಯುತ್ತದೆ.

ನಾನಾದರೂ ನೋಟಿಸಿನಲ್ಲಿ ಪಾರಾದೆ. 2004ರಲ್ಲಿ ಬಾಝಿ ಡಾಟ್ ಕಾಮ್ ಎಂಬ ಹರಾಜು ಸೈಟಿನ ಮುಖ್ಯಸ್ಥ ಅವನೀಶ್ ಬಜಾಜ್ ಜೈಲಿಗೇ ಹೋದರು. ದೆಹಲಿಯ ಶಾಲಾ ಮಕ್ಕಳಿಬ್ಬರ ಖಾಸಗಿ ವಿಡಿಯೊವನ್ನು ಐಐಟಿ ಖರಗ್‌ಪುರದ ಒಬ್ಬ ವಿದ್ಯಾರ್ಥಿ ಆ ಸೈಟಿನಲ್ಲಿ ಮಾರಾಟಕ್ಕೆ ಹಾಕಿದ್ದ. ಹೇಸಿಗೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ದೂರು ಬಂದ ಮೇಲೆ ಸೈಟಿನವರು ತೆಗೆದಿದ್ದರು. ಆದರೂ ಡಿಸೆಂಬರ್‌ನಲ್ಲಿ ಪೊಲೀಸರು ಬಜಾಜ್ ಅವರನ್ನು ಬಂಧಿಸಿದರು. ಆ ಕೇಸಿನಿಂದ ಅವರು ಪೂರ್ತಿ ಹೊರಬಂದದ್ದು 2012ರಲ್ಲಿ, ಅದೂ ಸುಪ್ರೀಂ ಕೋರ್ಟಿನವರೆಗೆ ಹೋಗಿ. ಎಂಟು ವರ್ಷ ಕೋರ್ಟು ಅಲೆಯಲು ಅವರ ಹತ್ತಿರ ದುಡ್ಡಿತ್ತು. ಅಡಿಕೆ ಧಾರಣೆ ಹಾಕುವವನ ಹತ್ತಿರ ಇರುತ್ತದೆಯೇ?

ಆ ಗಲಾಟೆಯ ನಂತರ ಐಟಿ ಕಾಯ್ದೆಯ 79ನೇ ಸೆಕ್ಷನ್ನನ್ನು ತಿದ್ದಿದರು. 2008ರ ತಿದ್ದುಪಡಿ, ಜಾರಿಗೆ ಬಂದದ್ದು 2009ರ ಅಕ್ಟೋಬರ್‌ನಲ್ಲಿ. ಬೇರೆಯವರು ಹಾಕಿದ್ದಕ್ಕೆ ಮಧ್ಯವರ್ತಿ, ಅಂದರೆ ಜಾಗ ಕೊಟ್ಟ ಸೈಟಿನವರು, ಹೊಣೆಯಲ್ಲ, ಆದರೆ ಗೊತ್ತಾದ ಮೇಲೂ ಸುಮ್ನೆ ಕೂತರೆ ರಕ್ಷಣೆ ಇಲ್ಲ ಎಂದು ಅದರ ಸಾರ. ಕೇಳಲು ಚೆನ್ನಾಗಿದೆ. ಆದರೆ "ಗೊತ್ತಾಗುವುದು" ಅಂದರೆ ಏನು? 2011ರ ನಿಯಮದ ಪ್ರಕಾರ ತೊಂದರೆಯಾದವರು ಒಂದು ದೂರು ಬರೆದು ಕಳಿಸಿದರೆ ಸಾಕು, 36 ಗಂಟೆಯಲ್ಲಿ ಸೈಟಿನವರು ಕೆಲಸಕ್ಕಿಳಿಯಬೇಕು. ನನಗೆ ಬಂದ ನೋಟಿಸಿನ ಬೇರು ಇರುವುದು ಅಲ್ಲೇ.

2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸರಿಮಾಡಿತು. ಈ ತೀರ್ಪು ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಆನ್‌ಲೈನ್‌ನಲ್ಲಿ ಬರೆದದ್ದಕ್ಕೆ ಜನರನ್ನು ಬಂಧಿಸಲು ಬಳಸುತ್ತಿದ್ದ 66ಎ ಸೆಕ್ಷನ್ ರದ್ದಾದದ್ದು. ನನಗೆ ಮುಖ್ಯವಾದದ್ದು ಅದರ ಇನ್ನೊಂದು ತುಂಡು. "ಗೊತ್ತಾಗುವುದು" ಅಂದರೆ ಕೋರ್ಟಿನ ಆದೇಶ ಅಥವಾ ಸರ್ಕಾರದ ಅಧಿಸೂಚನೆ ಕೈಗೆ ಬರುವುದು, ಯಾರೋ ಬರೆದ ಪತ್ರ ಅಲ್ಲ ಎಂದು ಕೋರ್ಟ್ ಹೇಳಿತು. ಲಕ್ಷಗಟ್ಟಲೆ ದೂರುಗಳಲ್ಲಿ ಯಾವುದು ನ್ಯಾಯವಾದದ್ದು, ಯಾವುದಲ್ಲ ಎಂದು ಕಂಪನಿಗಳೇ ತೀರ್ಮಾನಿಸುವುದು ಕಷ್ಟ ಎಂಬುದು ಅದಕ್ಕೆ ಕೊಟ್ಟ ಕಾರಣ. ಆ ತೀರ್ಪು ಎರಡು ವರ್ಷ ಮೊದಲೇ ಬಂದಿದ್ದರೆ ನಾನು ಆ ಲಾಯರಿಗೆ "ಆದೇಶ ತಗೊಂಡು ಬನ್ನಿ ಸ್ವಾಮಿ" ಎಂದು ಉತ್ತರ ಬರೆಯುತ್ತಿದ್ದೆ. (ಬರೆಯುತ್ತಿದ್ದೆನೇ? ಗೊತ್ತಿಲ್ಲ, ಹೆದರುಪುಕ್ಕಲು ನಾನು.)

ಅಮೆರಿಕದವರು ಇನ್ನೊಂದು ತಮಾಷೆಯ ಗುಂಡಿಗೆ ಬಿದ್ದು ಎದ್ದರು. 1991ರಲ್ಲಿ ಅಲ್ಲಿನ ಕೋರ್ಟೊಂದು, ಬಂದದ್ದನ್ನು ಓದಿಯೇ ನೋಡದ ಕಂಪ್ಯೂಸರ್ವ್ ಎಂಬ ಆನ್‌ಲೈನ್ ಸೇವೆ ಹೊಣೆಯಲ್ಲ ಎಂದಿತು. 1995ರಲ್ಲಿ ಇನ್ನೊಂದು ಕೋರ್ಟು, ಕೊಳಕು ಮಾತು ತೆಗೆದು ಶುಚಿ ಮಾಡುತ್ತಿದ್ದ ಪ್ರಾಡಿಜಿ ಎಂಬ ಇನ್ನೊಂದು ಸೇವೆ ಹೊಣೆ ಎಂದಿತು. ಅಂದರೆ ಕಸ ಗುಡಿಸಿದವನಿಗೇ ದಂಡ. ಮುಂದಿನ ವರ್ಷವೇ, ಬೇರೆಯವರು ಬರೆದದ್ದಕ್ಕೆ ಸೈಟಿನವರು ಹೊಣೆಯಲ್ಲ ಎನ್ನುವ 230ನೇ ಸೆಕ್ಷನ್ ತಂದು ಆ ಗುಂಡಿ ಮುಚ್ಚಬೇಕಾಯಿತು. ನಾನೂ ಬೈಗುಳಗಳನ್ನು ಅಳಿಸುತ್ತಿದ್ದೆ, ಹಾಗಾಗಿ ಪ್ರಾಡಿಜಿಯವರ ಮೇಲೆ ನನಗೆ ಸ್ವಲ್ಪ ಕನಿಕರ.

ಈಗ ಬೇಕು ಎಂದೆನಲ್ಲ, ಆ ವಿಷಯ.

ಊರಿನ ಅರಳಿಕಟ್ಟೆಯ ಮೇಲೆ ಕೂತು ಒಬ್ಬ ಇನ್ನೊಬ್ಬನ ಮೇಲೆ ಇಲ್ಲದ್ದು ಹೇಳಿದ ಅನ್ನಿ. ಕಟ್ಟೆ ಕಟ್ಟಿಸಿದವರ ಮೇಲೆ ಯಾರೂ ಕೇಸು ಹಾಕುವುದಿಲ್ಲ. ಆದರೆ ಕಟ್ಟೆ ಕಟ್ಟಿಸಿದವರೇ ಆ ಮಾತನ್ನು ಕೇಳಿಸಿಕೊಂಡು, ಆಟೊಗೆ ಮೈಕ್ ಕಟ್ಟಿ, ಕೇರಿ ಕೇರಿಗೆ ಕೂಗಿಸಿ, ನಡುನಡುವೆ ಸೋಪಿನ ಜಾಹೀರಾತು ಹಾಕಿ ದುಡ್ಡು ಮಾಡಿಕೊಂಡರೆ? ಆಗ "ಮಾತು ನನ್ನದಲ್ಲ" ಅಂದರೆ ಒಪ್ಪುತ್ತೀರಾ? ಪತ್ರಿಕೆಯ ವಾಚಕರ ವಾಣಿಯಲ್ಲಿ ಬಂದ ಪತ್ರಕ್ಕೆ ಸಂಪಾದಕರನ್ನೂ ಕೇಳುತ್ತಾರೆ. ಯಾಕೆ? ನೂರರಲ್ಲಿ ಐದನ್ನು ಆರಿಸಿ ಅಚ್ಚು ಹಾಕಿದವರು ಅವರು.

2021ರ ಜೂನ್ ನೆನಪಿದೆಯಾ? ಭಾರತದ ಅತಿ ಕೊಳಕು ಭಾಷೆ ಯಾವುದು ಎಂದು ಗೂಗಲ್‌ನಲ್ಲಿ ಹುಡುಕಿದರೆ "ಕನ್ನಡ" ಎಂದು ಉತ್ತರ ಬರುತ್ತಿತ್ತು. ನಾವೆಲ್ಲ ಕೆಂಡವಾದೆವು. ಆಗಿನ ಸಚಿವ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಮಾತಾಡಿದರು, ಗೂಗಲ್ ಕ್ಷಮೆ ಕೇಳಿ ತೆಗೆಯಿತು. ಆ ಸಾಲನ್ನು ಬರೆದದ್ದು ಗೂಗಲ್ ಅಲ್ಲ, ಯಾರೂ ಕಣ್ಣೆತ್ತಿ ನೋಡದ ಯಾವುದೋ ಸೈಟಿನಲ್ಲಿ ಬಿದ್ದಿತ್ತು. ಅಲ್ಲೇ ಬಿದ್ದಿದ್ದರೆ ಯಾರಿಗೂ ನೋವಾಗುತ್ತಿರಲಿಲ್ಲ. ಅದನ್ನು ಆರಿಸಿ, ಚೌಕದೊಳಗೆ ಇಟ್ಟು, ಎಲ್ಲಕ್ಕಿಂತ ಮೇಲೆ ತೋರಿಸಿದ್ದು ಗೂಗಲ್‌ನ ಯಂತ್ರ. ಆ ಕೆಲಸ ಗೂಗಲ್‌ನದೇ ತಾನೇ?

ನಮ್ಮ 79ನೇ ಸೆಕ್ಷನ್ನಿನಲ್ಲೇ ಇದಕ್ಕೊಂದು ಕೊಂಡಿ ಇದೆ. ರಕ್ಷಣೆ ಬೇಕೆಂದರೆ ಮಧ್ಯವರ್ತಿ ತಾನಾಗಿ ಯಾವ ಮಾಹಿತಿಯನ್ನೂ ಕಳಿಸಿರಬಾರದು, ಯಾರಿಗೆ ತಲುಪಬೇಕೆಂದು ಆರಿಸಿರಬಾರದು, ಮಾಹಿತಿಯನ್ನು ಆರಿಸುವುದಾಗಲಿ ತಿದ್ದುವುದಾಗಲಿ ಮಾಡಿರಬಾರದು ಎಂದು ಅಲ್ಲಿ ಬರೆದಿದೆ. ಇವತ್ತಿನ ಫೀಡುಗಳು ಬೆಳಗಿನಿಂದ ರಾತ್ರಿಯವರೆಗೆ ಮಾಡುವುದು ಇದೇ ಆರಿಸುವ ಕೆಲಸ. ಈ ಸಾಲನ್ನು ಗಟ್ಟಿಯಾಗಿ ಹಿಡಿದರೆ ಸಾಕು ಎನ್ನುವುದು ನನ್ನ ಅನಿಸಿಕೆ. ಸುಮ್ಮನೆ ಜಾಗ ಕೊಟ್ಟವರನ್ನು ಬಿಡಿ. ಮೈಕ್ ಹಿಡಿದವರನ್ನು ಮೈಕ್ ಹಿಡಿದದ್ದಕ್ಕೆ ಕೇಳಿ.

ಹಾಗೆ ಕೇಳಿದರೆ ಉಪಯೋಗವೂ ಇದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ನಂಬಿ ಜನ ಹೈದರಾಬಾದಿನ ಒಬ್ಬ ಎಂಜಿನಿಯರನ್ನು ಹೊಡೆದು ಕೊಂದರು. ವಾಟ್ಸಾಪಿಗೆ ಆ ಮೆಸೇಜುಗಳನ್ನು ಓದಲು ಆಗುವುದೇ ಇಲ್ಲ, ಕಳಿಸಿದವರು, ಪಡೆದವರು ಬಿಟ್ಟು ಬೇರೆ ಯಾರೂ ಓದದ ಹಾಗೆ ಎಲ್ಲ ಎನ್‌ಕ್ರಿಪ್ಟ್ ಆಗಿರುತ್ತವೆ. ಆದರೂ ದೇಶದ ಹಲವು ಕಡೆ ಇಂಥ ಕೊಲೆಗಳಾಗಿ ಸರ್ಕಾರ ಬೆನ್ನು ಬಿದ್ದ ಮೇಲೆ, ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಫಾರ್ವರ್ಡ್ ಮಾಡುವುದನ್ನು ಐದು ಚಾಟಿಗೆ ಇಳಿಸಿತು. ಯಾರ ಮಾತನ್ನೂ ಅಳಿಸಲಿಲ್ಲ, ಮೈಕಿನ ಸದ್ದು ತಗ್ಗಿಸಿತು ಅಷ್ಟೇ. ಮೊದಲೇ ಮಾಡಬಹುದಿತ್ತಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಭಯವೂ ಇದೆ. ಸೈಟಿನವರ ಮೇಲೆ ಹೊಣೆ ಏರಿಸಿದಷ್ಟೂ "ತೆಗೆಯಿರಿ" ಎಂದು ಹೇಳುವ ಅಧಿಕಾರ ಯಾರದು ಎಂಬ ಜಗಳ ದೊಡ್ಡದಾಗುತ್ತದೆ. ಈಗ ಕೇಂದ್ರದ ಸಹಯೋಗ್ ಪೋರ್ಟಲ್ ಮೂಲಕ ಪೊಲೀಸರೇ ನೇರವಾಗಿ ಕಂಪನಿಗಳಿಗೆ ನೋಟಿಸ್ ಕಳಿಸಬಹುದು. ಅದನ್ನು ಪ್ರಶ್ನಿಸಿ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಹಾಕಿದ್ದ ಅರ್ಜಿಯನ್ನು ನಮ್ಮ ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ಎಕ್ಸ್ ಮೇಲೆ ನನಗೇನೂ ಪ್ರೀತಿಯಿಲ್ಲ. ಆದರೆ ಪೊಲೀಸರಿಂದ ಬಂದ ಒಂದು ನೋಟಿಸಿಗೆ ಅಷ್ಟು ದೊಡ್ಡ ಕಂಪನಿಯೇ ತಲೆಬಾಗಬೇಕೆಂದರೆ, ಉಳಿದವರು ನನ್ನ ಹಾಗೆ ಹತ್ತು ನಿಮಿಷದಲ್ಲಿ ಅಳಿಸುತ್ತಾರೆ.

ಸರಿ, ನಿಮ್ಮ ತಂಗಿಯ ವಿಷಯಕ್ಕೆ ಬರೋಣ. ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ರಿವ್ಯೂ, ಬರೆದವರ ಪ್ರೊಫೈಲ್, ತಾರೀಕು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆ ಸೈಟಿನ ಗ್ರೀವೆನ್ಸ್ ಆಫೀಸರ್ (ದೂರು ಕೇಳುವ ಅಧಿಕಾರಿ) ಯಾರೆಂದು ಸೈಟಿನಲ್ಲೇ ಹಾಕಿರಬೇಕು, ಅದು ನಿಯಮ. "ರಿಪೋರ್ಟ್" ಬಟನ್ ಒತ್ತಿ ಬಿಟ್ಟರೆ ಸಾಲದು, ಅವರಿಗೆ ಮೇಲ್ ಬರೆಯಿರಿ. 2021ರ ನಿಯಮದಲ್ಲಿ ದೂರು ಬಗೆಹರಿಸಲು 15 ದಿನ ಕೊಟ್ಟಿದ್ದರು. ಆಮೇಲೆ ತಿದ್ದುಪಡಿಗಳಾಗುತ್ತಲೇ ಇವೆ, ಈಗಿನ ಗಡುವು ಒಮ್ಮೆ ನೋಡಿಕೊಳ್ಳಿ. ಅವರ ಉತ್ತರ ಸಮಾಧಾನ ತರದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಇಷ್ಟಾಗುವವರೆಗೆ ರಿವ್ಯೂ ಕೆಳಗೆ ಬೇಕರಿಯ ಹೆಸರಿನಲ್ಲಿ ಒಂದು ಉತ್ತರ ಹಾಕಲು ಹೇಳಿ: ಯಾವ ದಿನ ಕೊಂಡಿರಿ, ಬಿಲ್ ಇದೆಯೇ, ದಯವಿಟ್ಟು ತಿಳಿಸಿ ಎಂದು. ಸಿಟ್ಟು ತೋರಿಸದೆ ಬರೆಯಲಿ. ಬಿಲ್ ಕೇಳಿದ ಕೂಡಲೇ ಸುಳ್ಳು ರಿವ್ಯೂ ಬರೆದವರು ಹೆಚ್ಚಾಗಿ ಮಾಯವಾಗುತ್ತಾರೆ, ಓದುವ ಗಿರಾಕಿಗೂ ಅದು ಕಾಣುತ್ತದೆ. ಬಿಲ್ ತೋರಿಸಿಬಿಟ್ಟರೆ ಮಾತ್ರ ತಂಗಿ ಒಮ್ಮೆ ಮೈದಾ ಡಬ್ಬ ತೆರೆದು ನೋಡಲಿ.