ಲಿವರ್ ರೈಫಲ್: ಖಾಲಿ ಎಂದು ನಂಬುವ ಮೊದಲು

ಈ ಸಲ ಬಂದ ಪತ್ರಗಳಲ್ಲಿ ಐದು ಹಳೆಯ ಲಿವರ್ ರೈಫಲ್‌ಗೆ ಸಂಬಂಧಿಸಿದವು. ಬಂದೂಕುಗಳ ದುರಸ್ತಿಯಲ್ಲಿ ದೀರ್ಘಕಾಲ ಕೆಲಸ ಮಾಡಿ ಈಗ ಧಾರವಾಡದಲ್ಲಿ ನೆಲೆಸಿರುವ ನಿವೃತ್ತ ಆರ್ಮರರ್ ಒಬ್ಬರು ಇವುಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ತಂದೆಯವರಿಗೆ ಎಪ್ಪತ್ತು ವರ್ಷ ತುಂಬಿದ ಮೇಲೆ ಅವರ ಹೆಸರಿನಲ್ಲಿದ್ದ ಅಮೆರಿಕದ ಲಿವರ್ ರೈಫಲ್ ಕ್ರಮಬದ್ಧವಾಗಿ ನನ್ನ ಲೈಸನ್ಸಿಗೆ ಸೇರಿದೆ. ನಳಿಗೆಯ ಮೇಲೆ ತೋಟಾದ ಅಳತೆ .30-30 ಎಂದು ಕೊರೆದಿದೆ. ನಾನು ಇದುವರೆಗೆ ಒಂಟಿ ನಳಿಗೆಯ ಮಡಚುವ ಬಂದೂಕನ್ನು ಮಾತ್ರ ಹಿಡಿದವನು. ಇದರಲ್ಲಿ ತೋಟಾ ಇದೆಯೋ ಇಲ್ಲವೋ ಎಂಬುದೇ ಹೊರಗಿನಿಂದ ಗೊತ್ತಾಗುವುದಿಲ್ಲ, ಸೇಫ್ಟಿ ಗುಂಡಿಯೂ ಕಾಣುತ್ತಿಲ್ಲ. ಹೇಗೆ ಬಳಸಬೇಕು? (ಹಾನಗಲ್ಲ ತಾಲ್ಲೂಕಿನ ರೈತರು)

ಉತ್ತರ: ನಿಮ್ಮ ಅಳುಕು ಸರಿಯಾದ ಕಡೆಯೇ ಇದೆ. ಮಡಚುವ ಬಂದೂಕನ್ನು ಬಿಚ್ಚಿ ಹಿಡಿದರೆ ನಳಿಗೆಯ ಆಚೆ ತುದಿಯ ಬೆಳಕು ಕಾಣುತ್ತದೆ, ಕಂಡರೆ ಖಾಲಿ, ಕಾಣದಿದ್ದರೆ ತುಂಬಿದೆ, ಅಷ್ಟೇ. ಲಿವರ್ ರೈಫಲ್‌ನಲ್ಲಿ ಈ ಅನುಕೂಲವಿಲ್ಲ. ಇದರ ತೋಟಾಗಳು ನಳಿಗೆಯ ಕೆಳಗಿರುವ ಇನ್ನೊಂದು ಕೊಳವೆಯಲ್ಲಿ, ಒಂದರ ಬೆನ್ನಿಗೆ ಒಂದರಂತೆ, ಸ್ಪ್ರಿಂಗಿನ ಒತ್ತಡದಲ್ಲಿ ಅಡಗಿರುತ್ತವೆ. ಟ್ರಿಗರಿನ ಬಳಿ ಬೆರಳು ತೂರಿಸುವ ಬಳೆಯಿರುವ ಹಿಡಿಕೆಯೇ ಲಿವರ್. ಅದನ್ನು ಕೆಳಕ್ಕೆ ಎಳೆದಾಗ ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟ್ ಹಿಂದೆ ಸರಿದು ಸುಟ್ಟ ತೋಟಾವನ್ನು ಹೊರಗೆ ಚಿಮ್ಮಿಸುತ್ತದೆ, ಹಳಬರು ಕುದುರೆ ಎಂದು ಕರೆಯುವ ಹ್ಯಾಮರ್ ಹಿಂದಕ್ಕೆ ಬಾಗಿ ನಿಲ್ಲುತ್ತದೆ, ಕೊಳವೆಯಿಂದ ಮತ್ತೊಂದು ತೋಟಾ ಮೇಲೇಳುತ್ತದೆ. ಲಿವರ್ ಮೇಲಕ್ಕೆ ಬಂದು ಮುಚ್ಚಿಕೊಂಡ ಕ್ಷಣ ಆ ತೋಟಾ ಚೇಂಬರಿನೊಳಗೆ, ಅಂದರೆ ನಳಿಗೆಯ ಹಿಂತುದಿಯ ಗೂಡಿನೊಳಗೆ, ಹೋಗಿ ಬಂದೂಕು ಸಿಡಿಯಲು ಸಿದ್ಧವಾಗಿರುತ್ತದೆ. ಜಾನ್ ಬ್ರೌನಿಂಗ್ ರೂಪಿಸಿದ 1894ರ ವಿಂಚೆಸ್ಟರ್ ಇರಲಿ, ಮಾರ್ಲಿನ್ ಇರಲಿ, ನಡೆ ಹೆಚ್ಚು ಕಡಿಮೆ ಇದೇ. ಲಿವರ್ ಆಡಿಸಿದರೆ ಬಂದೂಕು ಖಾಲಿಯಾಯಿತು ಎಂದು ತಿಳಿಯುವವರು ಬಹಳ ಜನ. ಕೊಳವೆಯಲ್ಲಿ ತೋಟಾ ಇದ್ದರೆ ಲಿವರ್ ಆಡಿಸುವುದೆಂದರೆ ಬಂದೂಕು ತುಂಬುವುದು.

ಆದ್ದರಿಂದ ಖಾಲಿ ಮಾಡುವಾಗ ನಳಿಗೆಯ ಬಾಯಿಯನ್ನು ಮೊದಲು ಮಣ್ಣಿನ ದಿಬ್ಬ ಅಥವಾ ಮೆತ್ತಗಿನ ಹೊಲದ ನೆಲದಂತಹ, ಗುಂಡು ಹಾರಿದರೂ ಅಲ್ಲಿಯೇ ಹೂತುಹೋಗುವ ಕಡೆಗೆ ತಿರುಗಿಸಿಕೊಳ್ಳಿ. ಸಿಮೆಂಟಿನ ಅಂಗಳ, ಕಲ್ಲು, ನೀರು, ಗೋಡೆ ಇವು ಯಾವುವೂ ಆಗದು. ತೋರುಬೆರಳು ಟ್ರಿಗರಿನ ಕಾಪಿನ ಹೊರಗೆ, ಕಬ್ಬಿಣದ ಮೈಗೆ ತಗುಲಿ ನೇರವಾಗಿರಬೇಕು. ಲಿವರಿನ ಬಳೆಯೊಳಗೆ ಉಳಿದ ಮೂರು ಬೆರಳುಗಳು ಇರುವುದರಿಂದ ಲಿವರ್ ಮುಚ್ಚುವ ರಭಸದಲ್ಲಿ ತೋರುಬೆರಳು ತಾನಾಗಿಯೇ ಟ್ರಿಗರಿಗೆ ಜಾರುವುದು ಈ ರೈಫಲ್‌ನ ವಿಶೇಷ ಅಪಾಯ. ಮಡಚುವ ಬಂದೂಕಿನಲ್ಲಿ ಪಳಗಿದ ಕೈಗೆ ಇದರ ಅಭ್ಯಾಸವಿರುವುದಿಲ್ಲ. ಬಳಿಕ ಲಿವರನ್ನು ಪೂರ್ತಿ ಎಳೆದು ಪೂರ್ತಿ ಮುಚ್ಚುತ್ತ ಒಂದೊಂದೇ ತೋಟಾವನ್ನು ಹೊರಗೆ ಬೀಳಿಸಿ, ನೆಲದ ಮೇಲೆ ಹಾಸಿದ ಬಟ್ಟೆಯ ಮೇಲೆ ಬಿದ್ದವನ್ನು ಎಣಿಸಿ. ಇನ್ನು ಬರುವುದಿಲ್ಲ ಎನಿಸಿದ ಮೇಲೆ ಲಿವರನ್ನು ತೆರೆದೇ ಇಟ್ಟುಕೊಂಡು ಚೇಂಬರಿನೊಳಗೆ ಕಣ್ಣಿಟ್ಟು ನೋಡಿ, ಕಿರುಬೆರಳು ತೂರಿಸಿ ಮುಟ್ಟಿ ನೋಡಿ.

ಇಷ್ಟಕ್ಕೆ ನಿಲ್ಲಿಸಬೇಡಿ. ಹಳೆಯ ರೈಫಲ್‌ಗಳ ಕೊಳವೆ ಎಲ್ಲಿಯೋ ತಗ್ಗಿರುತ್ತದೆ, ಒಳಗೆ ತುಕ್ಕು ಹಿಡಿದಿರುತ್ತದೆ, ಸ್ಪ್ರಿಂಗ್ ಸೋತಿರುತ್ತದೆ. ಹಾಗಾದಾಗ ಒಂದು ತೋಟಾ ನಡುವೆಯೇ ಸಿಕ್ಕಿಕೊಂಡು, ಲಿವರನ್ನು ಹತ್ತು ಸಲ ಆಡಿಸಿದರೂ ಬಾರದೆ, ಹನ್ನೊಂದನೆಯ ಸಲಕ್ಕೋ ಬಂದೂಕನ್ನು ಗೋಡೆಗೆ ಆನಿಸಿ ಇಡುವ ಕುಲುಕಿಗೋ ಸಡಿಲಗೊಂಡು ಬಂದುಬಿಡುತ್ತದೆ. ನನ್ನ ಬಳಿಗೆ ‘ಖಾಲಿ ಇದೆ’ ಎಂಬ ಮಾತಿನೊಂದಿಗೆ ಬಂದ ಒಂದು ರೈಫಲ್‌ನಲ್ಲಿ ಹೀಗೆ ಸಿಕ್ಕಿಕೊಂಡ ತೋಟಾ ಇತ್ತು. ಅದನ್ನು ತಂದವರು ಸುಳ್ಳು ಹೇಳಿದವರಲ್ಲ, ಅವರು ಎಣಿಸಿರಲಿಲ್ಲ, ಅಷ್ಟೇ. ಲಿವರ್ ತೆರೆದಿರುವಾಗ ಕೊಳವೆಯ ಬಾಯಲ್ಲಿ ಸ್ಪ್ರಿಂಗಿನ ಮುಂದಿರುವ ಬಿರಡೆ ಕಣ್ಣಿಗೆ ಬಿದ್ದರೆ ಮಾತ್ರ ಕೊಳವೆ ಬರಿದಾಗಿದೆ ಎಂದು ತಿಳಿಯಬೇಕು. ಬಿರಡೆ ಕಾಣದಿದ್ದರೆ ರೈಫಲ್ ತುಂಬಿದೆ ಎಂದೇ ಭಾವಿಸಿ, ಲೈಸನ್ಸ್ ಇರುವ ಬಂದೂಕಿನ ಅಂಗಡಿಗೆ ಒಯ್ಯಿರಿ.

ಸೇಫ್ಟಿಯ ವಿಷಯ. ವಿಂಚೆಸ್ಟರ್, ಮಾರ್ಲಿನ್ ಎರಡರಲ್ಲಿಯೂ ಅಡ್ಡಗುಂಡಿಯ ಸೇಫ್ಟಿ ಬಂದದ್ದು 1980ರ ದಶಕ ಮತ್ತು ಅದರ ನಂತರ. ಅದಕ್ಕೂ ಹಿಂದಿನವುಗಳಲ್ಲಿ ಇರುವುದು ಹ್ಯಾಮರಿನ ಅರ್ಧ ಹಲ್ಲು ಮಾತ್ರ. ಹ್ಯಾಮರನ್ನು ಸ್ವಲ್ಪ ಹಿಂದಕ್ಕೆ ಎಳೆದಾಗ ಅದು ಒಂದು ಹಲ್ಲಿಗೆ ಸಿಕ್ಕಿ ನಿಲ್ಲುತ್ತದೆ, ಆಗ ಟ್ರಿಗರ್ ಎಳೆದರೂ ಬೀಳುವುದಿಲ್ಲ. ಆದರೆ ದಶಕಗಳ ಬಳಕೆಯಲ್ಲಿ ಆ ಹಲ್ಲು ಸವೆದಿರಬಹುದು, ರೈಫಲ್ ಕೈಜಾರಿ ಬಿದ್ದರೆ ಮುರಿಯಲೂಬಹುದು. ತುಂಬಿದ ಚೇಂಬರಿನ ಮೇಲೆ ಹ್ಯಾಮರನ್ನು ಹೆಬ್ಬೆರಳಿನಿಂದ ಮೆಲ್ಲಗೆ ಇಳಿಸುವ ಕಸರತ್ತಂತೂ ಬೇಡವೇ ಬೇಡ. ಬೆವರಿದ ಬೆರಳು ಒಮ್ಮೆ ಜಾರಿದರೆ ಸಾಕು. ಗುಂಡು ಹಾರಿಸುವ ಅಗತ್ಯ ಮುಗಿದಿದ್ದರೆ ಹ್ಯಾಮರ್ ಇಳಿಸುವ ಬದಲು ರೈಫಲನ್ನೇ ಖಾಲಿ ಮಾಡಿ. ನಡೆಯುವಾಗ, ಬದು ದಾಟುವಾಗ, ತಂತಿಬೇಲಿ ನುಸುಳುವಾಗ ಚೇಂಬರಿನಲ್ಲಿ ತೋಟಾ ಇರಲೇಬಾರದು.

ಮೊದಲ ಸಲ ಗುಂಡು ಹಾರಿಸುವ ಮುನ್ನ ಇನ್ನೊಂದು ಕೆಲಸವಿದೆ. ಲಿವರ್ ತೆರೆದು, ಖಾಲಿ ಎಂದು ಖಚಿತಪಡಿಸಿಕೊಂಡು, ಚೇಂಬರಿನ ಬಳಿ ಬಿಳಿ ಕಾಗದದ ತುಂಡು ಹಿಡಿದು ನಳಿಗೆಯ ಬಾಯಿಯಿಂದ ಬೆಳಕು ನೋಡಿ. ನಮ್ಮ ಕಡೆ ಕುಂಬಾರ ಹುಳ ಬೀಗದ ತೂತನ್ನೇ ಬಿಡುವುದಿಲ್ಲ, ಮೂಲೆಯಲ್ಲಿ ನಿಲ್ಲಿಸಿದ ನಳಿಗೆಯನ್ನು ಬಿಟ್ಟೀತೇ? ಒಣಗಿದ ಆ ಮಣ್ಣಿನ ಉಂಡೆಗೆ ಗುಂಡು ಡಿಕ್ಕಿ ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ, ಮತ್ತು ಆಗ ನಿಮ್ಮ ಎಡಗೈ ಅದರ ಕೆಳಗೇ ಇರುತ್ತದೆ. ಹಾರಿಸಿದಾಗ ಸಪ್ಪಳ ಪುಸ್ಸೆಂದರೆ ಎರಡನೆಯದನ್ನು ತುಂಬಬೇಡಿ, ಮೊದಲಿನ ಗುಂಡು ನಳಿಗೆಯಲ್ಲಿಯೇ ಕುಳಿತಿರಬಹುದು. ಸಪ್ಪಳವೇ ಬರದಿದ್ದರೆ ನಳಿಗೆಯನ್ನು ಅದೇ ದಿಕ್ಕಿನಲ್ಲಿ ಹಿಡಿದು ಅರ್ಧ ನಿಮಿಷವಾದರೂ ಕಾದು ಆಮೇಲೆ ಲಿವರ್ ತೆರೆಯಿರಿ, ತಡವಾಗಿ ಹೊತ್ತುವ ತೋಟಾಗಳು ಇರುತ್ತವೆ. ಇನ್ನು, ಈ ರೈಫಲ್‌ನ ಗುಂಡು ಎರಡು ಕಿಲೋಮೀಟರಿಗೂ ಮೀರಿ ಹೋಗಬಲ್ಲದು. ಛರ್ರೆ ಹಾರಿಸುವ ಬಂದೂಕಿನ ಅಂದಾಜನ್ನು ಇದಕ್ಕೆ ಹಚ್ಚಬಾರದು, ನಿಮ್ಮ ಹೊಲದ ಆಚೆ ಯಾರ ಹೊಲವಿದೆ, ಯಾವ ಊರಿದೆ ಎಂಬುದು ನಿಮಗೆ ಗೊತ್ತಿರಲೇಬೇಕು.

ಪ್ರಶ್ನೆ: ನಮ್ಮ ಕಾಕಾ ತೀರಿಕೊಂಡು ಮೂರು ತಿಂಗಳಾಯಿತು. ಅವರಿಗೆ ಮಕ್ಕಳಿಲ್ಲ. ಅವರ ರೈಫಲ್ ಮನೆಯ ಅಟ್ಟದ ಮೇಲಿದೆ. ಅದನ್ನು ಬಿಚ್ಚಿ ಸ್ವಚ್ಛ ಮಾಡಿಡಬಹುದೇ? (ಹುಬ್ಬಳ್ಳಿ)

ಉತ್ತರ: ಮಾಡಬಾರದು. ಲೈಸನ್ಸ್ ಇರುವುದು ವ್ಯಕ್ತಿಗೆ, ಮನೆಗಲ್ಲ. ಅವರು ತೀರಿಕೊಂಡ ಮೇಲೆ ಆ ರೈಫಲನ್ನು ಮನೆಯಲ್ಲಿ ಇಟ್ಟುಕೊಳ್ಳಲು ನಿಮಗೆ ಯಾವ ಅಧಿಕಾರವೂ ಇಲ್ಲದಿರುವುದರಿಂದ, 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅದನ್ನು ಪೊಲೀಸ್ ಠಾಣೆಯಲ್ಲಿಯೋ ಲೈಸನ್ಸ್ ಇರುವ ಅಂಗಡಿಯಲ್ಲಿಯೋ ಒಪ್ಪಿಸಿ ರಸೀದಿ ಪಡೆಯಬೇಕು. ಈಗಾಗಲೇ ತಡವಾಗಿದೆ. ಠಾಣೆಗೆ ಮೊದಲು ತಿಳಿಸಿ, ಅವರು ಹೇಳಿದಂತೆ ಒಪ್ಪಿಸಿ. ಕಾನೂನುಬದ್ಧ ವಾರಸುದಾರರು ತಮ್ಮ ಹೆಸರಿಗೆ ಬೇಕೆಂದಿದ್ದರೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಬೇರೆಯಾಗಿ ಅರ್ಜಿ ಹಾಕಬೇಕು, ಬಂದೂಕು ಹಿಡಿಯುವ ಸುರಕ್ಷತಾ ತರಬೇತಿಯ ಪ್ರಮಾಣಪತ್ರವನ್ನೂ ಕೊಡಬೇಕು. ಗದಗ, ಹಾವೇರಿಗಳಲ್ಲಿ ಅರ್ಜಿ ಜಿಲ್ಲಾಧಿಕಾರಿಗಳಿಗೆ, ನಿಮ್ಮ ಅವಳಿ ನಗರದಲ್ಲಿ ಪೊಲೀಸ್ ಆಯುಕ್ತರಿಗೆ. 2019ರ ತಿದ್ದುಪಡಿಯ ಬಳಿಕ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ ಎಂಬುದು ನೆನಪಿರಲಿ. ಸ್ವಚ್ಛ ಮಾಡುವ ಮಾತು ಅದಾದ ಮೇಲೆ.

ಪ್ರಶ್ನೆ: ಲಿವರ್ ರೈಫಲ್‌ಗೆ ಚೂಪು ಮೂತಿಯ ಗುಂಡಿನ ತೋಟಾ ಹಾಕಬಾರದು ಎನ್ನುತ್ತಾರೆ. ನಿಜವೇ? ತೋಟಾ ಆಗಾಗ ಅಡ್ಡಲಾಗಿ ಸಿಕ್ಕಿಕೊಳ್ಳುವುದೂ ಅದರಿಂದಲೇ? (ಬ್ಯಾಡಗಿ)

ಉತ್ತರ: ಮೊದಲಿನದು ನಿಜ. ಕೊಳವೆಯಲ್ಲಿ ಪ್ರತಿ ತೋಟಾದ ಗುಂಡಿನ ಮೂತಿ ಅದರ ಮುಂದಿನ ತೋಟಾದ ಕ್ಯಾಪಿಗೆ, ಅಂದರೆ ಪೆಟ್ಟು ಬಿದ್ದೊಡನೆ ಹೊತ್ತುವ ತಳದ ಪುಟ್ಟ ಬಟ್ಟಲಿಗೆ, ತಾಗಿಕೊಂಡಿರುತ್ತದೆ. ಮೂತಿ ಚೂಪಾಗಿದ್ದರೆ ಗುಂಡು ಹಾರಿದಾಗಿನ ಒದೆತಕ್ಕೆ ಅದೇ ಸೂಜಿಯಂತೆ ಕ್ಯಾಪನ್ನು ಚುಚ್ಚಿ, ಕೊಳವೆಯೊಳಗೇ ತೋಟಾಗಳು ಸಿಡಿಯಬಹುದು. ಅದಕ್ಕಾಗಿಯೇ ಇವುಗಳ ಗುಂಡುಗಳ ಮೂತಿ ಚಪ್ಪಟೆ. ಈಚೆಗೆ ಮೆತ್ತಗಿನ ತುದಿಯ ಚೂಪು ಗುಂಡುಗಳೂ ಬಂದಿವೆ, ಆದರೆ ಪೆಟ್ಟಿಗೆಯ ಮೇಲೆ ಕೊಳವೆ ಮ್ಯಾಗಜಿನ್ನಿಗೆ ಎಂದು ತಯಾರಕರು ಬರೆದಿರದ ಯಾವುದನ್ನೂ ಹಾಕಬೇಡಿ. ನಳಿಗೆಯ ಮೇಲಿನ ಅಂಕಿ ಮತ್ತು ತೋಟಾದ ತಳದ ಅಂಕಿ ಅಕ್ಷರಶಃ ಒಂದೇ ಆಗಿರಬೇಕು. .30-30 ಮತ್ತು .32 ಸ್ಪೆಷಲ್ ತೋಟಾಗಳು ಅಕ್ಕತಂಗಿಯರ ಹಾಗೆ ಕಾಣುತ್ತವೆ, ಕೈಗೆ ಸಿಕ್ಕಿದ್ದನ್ನು ತುಂಬುವವರು ಎಡವುವುದು ಇಲ್ಲಿಯೇ.

ಅಡ್ಡ ಸಿಕ್ಕಿಕೊಳ್ಳುವುದಕ್ಕೆ ಬಹುಪಾಲು ಕಾರಣ ಕೈಯೇ ಹೊರತು ತೋಟಾ ಅಲ್ಲ. ಹೆದರಿ ಹೆದರಿ ಲಿವರನ್ನು ಮುಕ್ಕಾಲು ದಾರಿಗೆ ಎಳೆದು ಮುಚ್ಚಿದರೆ ತೋಟಾ ಪೂರ್ತಿ ಮೇಲೇಳದೆ ನಡುವೆ ನಿಲ್ಲುತ್ತದೆ. ಲಿವರನ್ನು ಅದರ ತಡೆಯವರೆಗೂ ದೃಢವಾಗಿ ಎಳೆಯಬೇಕು, ಅಷ್ಟೇ ದೃಢವಾಗಿ ಮುಚ್ಚಬೇಕು. ಹಾಗೆ ಮಾಡಿದರೂ ಸಿಕ್ಕಿಕೊಂಡರೆ ಒಳಗಿನ ಬಿಡಿಭಾಗ ಸವೆದಿದೆ ಎಂದು ಅರ್ಥ. ಸ್ಕ್ರೂಡ್ರೈವರಿನಿಂದ ತೋಟಾದ ಕ್ಯಾಪಿನ ಬಳಿ ಮೀಟುವ ಸಾಹಸ ಮಾತ್ರ ಬೇಡ.

ಪ್ರಶ್ನೆ: ನಮ್ಮ ಅಜ್ಜನವರ ಕಾಲದಿಂದ ಬಂದೂಕಿಗೆ ಕುಸುಬಿ ಎಣ್ಣೆ ಹಚ್ಚುತ್ತ ಬಂದಿದ್ದೇವೆ. ಈಗ ಲಿವರ್ ಬಿಗಿಯಾಗಿದೆ, ಟ್ರಿಗರ್ ಎಳೆದರೂ ಕೆಲವು ತೋಟಾ ಹೊತ್ತುವುದಿಲ್ಲ. (ಗದಗ ಜಿಲ್ಲೆ)

ಉತ್ತರ: ಕಾರಣವನ್ನು ನೀವೇ ಬರೆದಿದ್ದೀರಿ. ಕುಸುಬಿ ಎಣ್ಣೆ ಊಟಕ್ಕೆ ಉತ್ತಮ, ಆದರೆ ಅದು ಗಾಳಿಗೆ ಒಣಗಿ ಅಂಟಾಗುವ ಜಾತಿಯ ಎಣ್ಣೆ. ಹಿಂದೆ ಇದನ್ನು ಕಾಯಿಸಿ ಗಟ್ಟಿ ಮಾಡಿ ಬಟ್ಟೆಗೂ ಚರ್ಮಕ್ಕೂ ವಾರ್ನಿಷಿನ ಹಾಗೆ ಬಳಿಯುತ್ತಿದ್ದುದು ಈ ಗುಣದಿಂದಲೇ. ವರ್ಷಗಟ್ಟಲೆ ಹಚ್ಚಿದ ಎಣ್ಣೆ ನಿಮ್ಮ ರೈಫಲ್‌ನ ಒಳಗೆ ಕಂದು ಬಣ್ಣದ ಮೇಣವಾಗಿ ಕುಳಿತಿದೆ. ಬೋಲ್ಟಿನೊಳಗಿನ ಸೂಜಿ ಆ ಮೇಣದಲ್ಲಿ ತೆವಳುವುದರಿಂದ ಕ್ಯಾಪಿಗೆ ಬೀಳಬೇಕಾದ ಪೆಟ್ಟು ಬೀಳುತ್ತಿಲ್ಲ. ಅಂಗಡಿಯಲ್ಲಿ ಒಮ್ಮೆ ಪೂರ್ತಿ ಬಿಚ್ಚಿಸಿ, ಸೀಮೆಎಣ್ಣೆ ಅಥವಾ ಅದಕ್ಕೆಂದೇ ಇರುವ ದ್ರಾವಣದಿಂದ ತೊಳೆಸಿ. ಅನಂತರ ಬಂದೂಕಿನ ಎಣ್ಣೆ, ಅದು ಸಿಗದಿದ್ದರೆ ಹೊಲಿಗೆ ಯಂತ್ರದ ತೆಳು ಎಣ್ಣೆಯನ್ನು ಬಟ್ಟೆಗೆ ಹನಿಸಿ ಒರೆಸಿದಂತೆ ಹಚ್ಚಿದರೆ ಸಾಕು. ಬೆರಳಿಗೆ ಜಿಡ್ಡು ತಾಗಬೇಕು, ಎಣ್ಣೆ ಹರಿಯಬಾರದು. ನಮ್ಮ ಎರೆ ನೆಲದ ಬೇಸಿಗೆಯ ಧೂಳು ಹೆಚ್ಚು ಎಣ್ಣೆಯ ಜೊತೆ ಕೂಡಿದರೆ ಅರೆಯುವ ಕಲ್ಲಿನಂತೆ ಕೆಲಸ ಮಾಡುತ್ತದೆ.

ನಳಿಗೆ ಸ್ವಚ್ಛ ಮಾಡುವ ಬಗೆ ರೈಫಲ್‌ನ ನಮೂನೆಗೆ ತಕ್ಕಂತೆ ಬೇರೆ. ಮಾರ್ಲಿನ್ ಆಗಿದ್ದರೆ ಲಿವರನ್ನು ಅರ್ಧ ತೆರೆದು ಅದರ ಒಂದು ಸ್ಕ್ರೂ ಬಿಚ್ಚಿ ಲಿವರನ್ನು ಎಳೆದರೆ ಬೋಲ್ಟ್ ಹಿಂದಿನಿಂದ ಹೊರಬರುತ್ತದೆ. ಆಗ ಒಳಗಿಂದ ಬೀಳುವ ಚಿಕ್ಕ ಪಟ್ಟಿಯನ್ನು ಕಳೆದುಕೊಳ್ಳಬೇಡಿ, ತೋಟಾ ಚಿಮ್ಮಿಸುವುದು ಅದೇ. ಸಲಾಕೆಯನ್ನು ಹಿಂದಿನಿಂದ ಮುಂದಕ್ಕೆ ತೂರಿಸಬಹುದು. ವಿಂಚೆಸ್ಟರಿನ ಬೋಲ್ಟ್ ಇಷ್ಟು ಸುಲಭವಾಗಿ ಬರುವುದಿಲ್ಲವಾದ್ದರಿಂದ ಅದನ್ನು ಬಾಯಿಯ ಕಡೆಯಿಂದಲೇ ಸ್ವಚ್ಛ ಮಾಡಬೇಕಾಗುತ್ತದೆ. ಸಲಾಕೆ ನಳಿಗೆಯ ಬಾಯಂಚಿಗೆ ಉಜ್ಜಿದರೆ ಗುರಿಯೇ ಕೆಡುತ್ತದೆ, ಅದಕ್ಕಾಗಿ ಬಾಯಿಗೆ ಹೊಂದುವ ಹಿತ್ತಾಳೆಯ ಅಥವಾ ಪ್ಲಾಸ್ಟಿಕ್ಕಿನ ಬಿರಡೆಯೊಳಗಿಂದ ಸಲಾಕೆ ಹೋಗಲಿ. ಅಜ್ಜನವರ ಕಾಲದ ತೋಟಾಗಳೇನಾದರೂ ಉಳಿದಿದ್ದರೆ ಅವನ್ನು ಹಾರಿಸಬೇಡಿ, ಠಾಣೆಗೆ ತಿಳಿಸಿ ಒಪ್ಪಿಸಿ. ಆ ಕಾಲದ ಅನೇಕ ಕ್ಯಾಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದು ನಳಿಗೆಯಲ್ಲಿ ಬಿಡುವ ಉಪ್ಪು ಎಣ್ಣೆಗೆ ಕರಗದು, ನೀರಿಗೆ ಮಾತ್ರ ಕರಗುತ್ತದೆ, ಕರಗದೆ ಉಳಿದರೆ ಮಳೆಗಾಲದ ತೇವ ಹೀರಿ ನಳಿಗೆಯನ್ನು ತಿನ್ನುತ್ತದೆ.

ನಿಮ್ಮ ಮನೆಯಲ್ಲಿ ಅಗಸಿ ಎಣ್ಣೆ ಇದ್ದರೆ ಅದನ್ನು ಹೆಗಲಿಗೆ ಆನಿಸುವ ಮರದ ಕುಂದಾಕ್ಕೆ ಹಚ್ಚಿ. ಒಣಗುವ ಗುಣ ಕಬ್ಬಿಣಕ್ಕೆ ಶತ್ರುವಾದರೂ ಮರಕ್ಕೆ ಅದೇ ಕಾಪು.

ಪ್ರಶ್ನೆ: ಮಹಾನವಮಿಯ ಖಂಡೇಪೂಜೆಯಲ್ಲಿ ಬಂದೂಕಿಟ್ಟು ಪೂಜಿಸಿ, ಒಂದು ಗುಂಡು ಹಾರಿಸುವುದು ನಮ್ಮ ಮನೆತನದ ಪದ್ಧತಿ. ಹೊಲಕ್ಕೆ ಬರುವ ಕೃಷ್ಣಮೃಗಗಳನ್ನು ಬೆದರಿಸಲೂ ಅದು ಬೇಕಾಗುತ್ತದೆ. ಯಾವ ಜಾಗ್ರತೆ ಬೇಕು? (ರಾಣೆಬೆನ್ನೂರು)

ಉತ್ತರ: ಪೂಜೆ ಮಾಡಿ, ಗುಂಡು ಹಾರಿಸಬೇಡಿ. ಸಂಭ್ರಮಕ್ಕಾಗಿ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮುಗಿಲಿಗೆ ಹಾರಿಸಿದ ಗುಂಡು ಯಾರದೋ ಮಾಳಿಗೆಯ ಮೇಲೆ ಇಳಿಯುತ್ತದೆ. ಕೃಷ್ಣಮೃಗದ ಮಾತಂತೂ ಇನ್ನೂ ಗಂಭೀರವಾದದ್ದು. ನಿಮ್ಮ ಊರಿನ ಅಭಯಾರಣ್ಯ ಇರುವುದೇ ಅವುಗಳಿಗಾಗಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ ಅವು ಇವೆ. ರೈಫಲ್‌ಗೆ ಬೇಟೆಯ ರೈಫಲ್ ಎಂಬ ಹೆಸರಿದ್ದ ಮಾತ್ರಕ್ಕೆ ಬೇಟೆಗೆ ಅನುಮತಿ ಸಿಕ್ಕಂತಲ್ಲ. ಬೆಳೆಹಾನಿ ಆಗಿದ್ದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ.

ಪೂಜೆಗೆ ಇಡುವಾಗ ಮೇಲೆ ಹೇಳಿದಂತೆ ಖಾಲಿ ಮಾಡಿ, ಲಿವರ್ ತೆರೆದೇ ಇಡಿ, ಮನೆಮಂದಿಗೆಲ್ಲ ಖಾಲಿಯಿರುವುದು ಕಾಣಲಿ. ತೋಟಾಗಳು ಜಗಲಿಯ ಮೇಲೆ ಬೇಡ, ಬೇರೆ ಬೀಗದಲ್ಲಿರಲಿ. ಕುಂಕುಮ, ವಿಭೂತಿ, ಪ್ರೋಕ್ಷಣೆಯ ನೀರು, ಹೂವಿನ ತೇವ ಇವೆಲ್ಲ ಕಬ್ಬಿಣಕ್ಕೆ ತುಕ್ಕು ತರುವಂಥವೇ. ಇವನ್ನು ಕುಂದಾದ ಮರಕ್ಕೆ ಹಚ್ಚಿ, ನಳಿಗೆಗೆ ಬೇಡ, ಹಚ್ಚಿದ್ದರೆ ಅದೇ ಸಂಜೆ ಒರೆಸಿ ತೆಳುವಾಗಿ ಎಣ್ಣೆ ಸವರಿ. ಮರುವರ್ಷದವರೆಗೆ ಚರ್ಮದ ಚೀಲದಲ್ಲಿ ತೂಗು ಹಾಕಬೇಡಿ, ಚರ್ಮ ತೇವ ಹಿಡಿದಿಟ್ಟುಕೊಂಡು ನಳಿಗೆಯ ಮೈಯೆಲ್ಲ ಚುಕ್ಕೆ ಬರಿಸುತ್ತದೆ. ಬೀಗವಿರುವ ಕಪಾಟಿನಲ್ಲಿ ನಳಿಗೆಯ ಬಾಯಿ ಕೆಳಗಾಗಿ, ಬಟ್ಟೆಯ ಮೇಲೆ ನಿಲ್ಲಿಸಿ ಇಟ್ಟರೆ ಉಳಿದ ಎಣ್ಣೆ ಕುಂದಾದ ಮರಕ್ಕೆ ಇಳಿದು ಅದನ್ನು ಮೆತ್ತಗಾಗಿಸುವುದಿಲ್ಲ, ಬಟ್ಟೆಗೆ ಬಸಿದು ಹೋಗುತ್ತದೆ.