ಫ್ರಿಜ್ಜಿನಲ್ಲಿಟ್ಟ ಐದು ಕಡುಬು

ಈ ವಾರಕ್ಕೆ ಬೇರೊಂದು ಪತ್ರಕ್ಕೆ ಉತ್ತರ ಬರೆದು ಮುಗಿಸಿದ್ದೆ. ಅಷ್ಟರಲ್ಲಿ ಬೆಂಗಳೂರಿನ ಸೋದರಿಯೊಬ್ಬರ ಪತ್ರ ಬಂತು. ಓದಿದ ಮೇಲೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಹಾಗಾಗಿ ಆ ಇನ್ನೊಬ್ಬರು ಒಂದು ವಾರ ಕಾಯಲಿ.

ಇವರದು ಮಂಗಳೂರು ಕಡೆಯ ಕೆಥೊಲಿಕ್ ಕುಟುಂಬ. ಮದುವೆಯಾಗಿ ಬಂದು ಅಪಾರ್ಟ್‌ಮೆಂಟ್ ಸೇರಿ ಹನ್ನೆರಡು ವರ್ಷ ಆಯಿತು. ಎದುರು ಮನೆಯ ಆಂಟಿ ಪ್ರತಿ ಗಣೇಶನ ಹಬ್ಬಕ್ಕೆ ಕಡುಬು ಕೊಡುತ್ತಾರೆ, ಇವರು ಕ್ರಿಸ್‌ಮಸ್ಸಿಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಟ್ಟೆ, ಕೊಡುತ್ತಾರೆ. ಯಾವ ತಕರಾರೂ ಇರಲಿಲ್ಲ. ಎರಡು ವರ್ಷದ ಹಿಂದೆ ನಾದಿನಿ ಒಂದು ಹೊಸ ಪ್ರಾರ್ಥನಾ ಕೂಟಕ್ಕೆ ಸೇರಿದರು. ಆಮೇಲೆ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಂದು ಆಡಿಯೊ: ಅವರ ದೇವರೆಲ್ಲ ಸೈತಾನ, ಪ್ರಸಾದ ಮುಟ್ಟಿದರೆ ಮನೆಗೆ ಕಾಯಿಲೆ. ಈ ಸಲ ಆಂಟಿ ಸ್ಟೀಲ್ ಡಬ್ಬಿಯಲ್ಲಿ ಐದು ಕಡುಬು ತಂದಾಗ ಇವರು ನಗುತ್ತಲೇ ತೆಗೆದುಕೊಂಡರು, ಆದರೆ ತಿನ್ನಲು ಭಯವಾಯಿತು. ಅದೇ ವಾರ ಲಿಫ್ಟಿನಲ್ಲಿ ಆಂಟಿಯ ಗಂಡ, 'ನಿಮ್ಮ ಚರ್ಚಿಗೆ ಒಬ್ಬರನ್ನ ಸೇರಿಸಿದ್ರೆ ಎಷ್ಟು ಕೊಡ್ತಾರಮ್ಮಾ?' ಎಂದು ತಮಾಷೆಗೆ ಕೇಳಿದರಂತೆ. ಇವರು ಸುಮ್ನೆ ನಕ್ಕು ಮನೆಗೆ ಬಂದು ಅತ್ತರು. ಪ್ರಸಾದ ತಿನ್ನಬಹುದಾ, ನಾದಿನಿಗೆ ಏನು ಹೇಳಲಿ, ಆ ಅಂಕಲ್‌ಗೆ ಏನು ಹೇಳಲಿ ಅಂತ ಕೇಳಿದ್ದಾರೆ.

ಇದಕ್ಕೆಲ್ಲ ಉತ್ತರ ಹೇಳಬಹುದು. ನನ್ನ ನಿದ್ದೆ ಕೆಡಿಸಿದ್ದು ಪತ್ರದ ನಡುವೆ ಸಿಕ್ಕಿಕೊಂಡಿದ್ದ ಇನ್ನೊಂದು ಸಾಲು. 'ಕಡುಬನ್ನು ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಮನೆಗೆಲಸದವಳಿಗೆ ಕೊಟ್ಟುಬಿಟ್ಟೆ, ಪಾಪ ಅವಳೂ ನಮ್ಮ ಚರ್ಚಿಗೇ ಬರುವವಳು, ತಮಿಳು ಬಲಿಪೂಜೆಗೆ.' ಅಷ್ಟೇ. ಮುಂದಿನ ಸಾಲಿನಲ್ಲಿ ಮತ್ತೆ ನಾದಿನಿ ಬಂದುಬಿಟ್ಟರು.

ಸ್ವಲ್ಪ ನಿಲ್ಲಿ ತಾಯಿ. ಆ ಕಡುಬು ತಿಂದರೆ ದೋಷ ಅಂತ ನಿಮಗೆ ಅನಿಸಿತ್ತು ತಾನೇ? ಭಯಕ್ಕೇ ತಾನೇ ನೀವು ಮುಟ್ಟದೆ ಬಿಟ್ಟಿದ್ದು? ಹಾಗಿದ್ದರೆ ಅದೇ ಚರ್ಚಿಗೆ ಬರುವ, ಅದೇ ಪೀಠದ ಮುಂದೆ ಮಂಡಿಯೂರುವ, ಅದೇ ಪರಮಪ್ರಸಾದ ತೆಗೆದುಕೊಳ್ಳುವ ಹೆಂಗಸಿಗೆ ಅದನ್ನು ಹೇಗೆ ಕೊಟ್ಟಿರಿ? ನಿಮ್ಮ ಮಕ್ಕಳಿಗೆ ತಗಲುವ ಕಾಯಿಲೆ ಅವಳ ಮಕ್ಕಳಿಗೆ ತಗಲುವುದಿಲ್ವಾ? ದೋಷವಿಲ್ಲ ಅಂತ ಗೊತ್ತಿದ್ದರೆ ನೀವೇ ತಿನ್ನಬಹುದಿತ್ತು. ಇದೆ ಅಂತ ನಂಬಿದ್ದರೆ ಗೊತ್ತಿದ್ದೂ ಅವಳ ಕೈಗೆ ಕೊಟ್ಟಿದ್ದೀರಿ. ಎರಡರಲ್ಲಿ ಯಾವುದು ಅಂತ ನೀವೇ ಹೇಳಿ. ನಿಜ ಹೇಳಬೇಕೆಂದರೆ ನೀವು ಯೋಚನೆಯೇ ಮಾಡಿರಲಿಲ್ಲ. ಉಳಿದದ್ದು, ಹಳಸುವಂಥದ್ದು, ನಮಗೆ ಬೇಡವಾದದ್ದು, ಎಲ್ಲ ಅವಳಿಗೇ ಹೋಗುತ್ತದೆ, ಇದೂ ಹೋಯಿತು.

ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಪರವಾಗಿಲ್ಲ.

ನಾದಿನಿಯ ಆಡಿಯೊಗಳಲ್ಲಿ ಬೈಬಲಿನ ಸಂತ ಪೌಲನ ಒಂದು ಮಾತು ಬರುತ್ತದೆ ಅಂದಿದ್ದೀರಿ, ಕರ್ತನ ಮೇಜಿನಲ್ಲೂ ದೆವ್ವಗಳ ಮೇಜಿನಲ್ಲೂ ಒಟ್ಟಿಗೆ ಉಣ್ಣಲಾಗದು ಅನ್ನುವುದು. ಹೌದು, ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯ. ಆದರೆ ಅದೇ ಅಧ್ಯಾಯದಲ್ಲಿ ಸ್ವಲ್ಪ ಕೆಳಗೆ ಬನ್ನಿ. ಬೇರೆ ನಂಬಿಕೆಯವರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಏನು ಎತ್ತ ಅಂತ ಕೇಳದೆ ಉಣ್ಣಿ ಅನ್ನುತ್ತಾನೆ. ಯಾರಾದರೂ 'ಇದು ನೈವೇದ್ಯದ್ದು' ಅಂತ ಹೇಳಿದರೆ ಮಾತ್ರ ಬಿಡಿ, ಅದೂ ನಿಮಗೋಸ್ಕರ ಅಲ್ಲ, ಹೇಳಿದವನ ಮನಸ್ಸಾಕ್ಷಿಗೋಸ್ಕರ. 8ನೇ ಅಧ್ಯಾಯದಲ್ಲಿ ಇನ್ನೂ ನೇರ: ಆಹಾರ ನಮ್ಮನ್ನು ದೇವರ ಹತ್ತಿರ ಒಯ್ಯುವುದಿಲ್ಲ. ಆದರೆ ನೀನು ತಿನ್ನುವುದನ್ನು ನೋಡಿ ಒಬ್ಬ ದುರ್ಬಲ ಸೋದರ ಎಡವಿದರೆ ಅದು ನಿನ್ನ ಪಾಪ. ಮುಂದೆ 11ರಲ್ಲಿ ಅವನಿಗೆ ನಿಜವಾಗಿ ಸಿಟ್ಟು ಬರುತ್ತದೆ. ಯಾಕೆ ಗೊತ್ತಾ? ಸಭೆಯ ಊಟದಲ್ಲಿ ಕೆಲವರು ತಮ್ಮ ಪಾಡಿಗೆ ಉಂಡು ಕುಡಿಯುತ್ತಾರೆ, ಇಲ್ಲದವರು ಹಸಿದು ಕೂರುತ್ತಾರೆ, ಹೀಗೆ ಅವರಿಗೆ ಅವಮಾನ ಮಾಡುತ್ತೀರಾ ಅಂತ. ಕಡುಬಿನ ವಿಷಯದಲ್ಲಿ ನೀವು ನಾದಿನಿಯನ್ನು ನೋಡಿದಿರಿ, ಆಂಟಿಯನ್ನು ನೋಡಿದಿರಿ. ಪೌಲ ನೋಡು ಅಂದಿದ್ದು ಈ ಮೂರನೆಯವಳನ್ನು.

ತಿನ್ನಬಹುದಾ ಅಂದರೆ, ನಾನು ತಿನ್ನುತ್ತೇನೆ. ತಿನ್ನದವರನ್ನು ಹಂಗಿಸುವುದಿಲ್ಲ. ವಿಗ್ರಹಕ್ಕೆ ಅರ್ಪಿಸಿದ್ದನ್ನು ಬಿಡಿ ಅಂತ ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯದಲ್ಲೂ ಇದೆ, ಅದನ್ನು ಅಕ್ಷರಶಃ ಪಾಲಿಸುವ ಪ್ರಾಮಾಣಿಕರು ನನಗೆ ಗೊತ್ತು. ಹಾಗೆ ಪಾಲಿಸುವವರು ಬಾಗಿಲಲ್ಲೇ ಹೇಳಬೇಕು: 'ಆಂಟಿ, ನೈವೇದ್ಯದ್ದು ನಾವು ತಿನ್ನೋದಿಲ್ಲ, ಬೇಜಾರಾಗ್ಬೇಡಿ, ಪೂಜೆಗೆ ಮುಂಚೆ ಎರಡು ತೆಗೆದಿಟ್ಟಿದ್ರೆ ಕೊಡಿ.' ಹೆಚ್ಚಿನ ಆಂಟಿಯರಿಗೆ ಇದು ಅರ್ಥವಾಗುತ್ತದೆ. ಶ್ರಾದ್ಧದ ಊಟ ಎಲ್ಲರೂ ಉಣ್ಣುವುದಿಲ್ಲ, ಏಕಾದಶಿ ದಿನ ಅನ್ನ ಮುಟ್ಟದವರಿದ್ದಾರೆ, ಊಟದ ನೇಮ ಅವರಿಗೆ ಹೊಸದಲ್ಲ. ನಗುತ್ತಾ ಇಸಕೊಂಡು ಫ್ರಿಜ್ಜಿನಲ್ಲಿಡುವುದು ಮಾತ್ರ ಗೌರವ ಅಲ್ಲ.

ಇನ್ನು ನಾದಿನಿ. ನನಗೆ ಅವರ ಮೇಲೆ ಅಷ್ಟು ಸಿಟ್ಟಿಲ್ಲ, ಹೊಸ ಹುರುಪು. ನನ್ನ ಸಿಟ್ಟು ನಿಮ್ಮ ಯಜಮಾನರ ಮೇಲೆ. ಸ್ವಂತ ತಂಗಿ ಗುಂಪಿನಲ್ಲಿ ನೆರೆಯವರ ದೇವರನ್ನು ಸೈತಾನ ಅಂದಾಗ ಅವರು ಕೈಮುಗಿಯುವ ಇಮೋಜಿ ಹಾಕಿದರು ಅಂತ ಬರೆದಿದ್ದೀರಿ! ಆಂಟಿಯ ಮನೆಯಲ್ಲಿ ಪ್ರತಿ ಯುಗಾದಿಗೆ ಒಬ್ಬಟ್ಟಿನ ಊಟ ಹೊಡೆಯುವುದೂ ಇದೇ ಮಹಾಶಯರು. ನೆರೆಯವನ ವಿರುದ್ಧ ಸುಳ್ಳು ಸಾಕ್ಷಿ ಹೇಳಬೇಡ ಅನ್ನುವುದು ಬೈಬಲಿನ ಹತ್ತು ಕಟ್ಟಳೆಗಳಲ್ಲಿ ನಮ್ಮ ಕೆಥೊಲಿಕ್ ಎಣಿಕೆಗೆ ಎಂಟನೆಯದು, ಹೆಚ್ಚಿನ ಪ್ರೊಟೆಸ್ಟೆಂಟರ ಎಣಿಕೆಗೆ ಒಂಬತ್ತನೆಯದು, ಇಬ್ಬರಿಗೂ ಅದು ಇದೆ. 1965ರ ಅಕ್ಟೋಬರ್ 28ರಂದು ಕೆಥೊಲಿಕ್ ಬಿಷಪ್ಪರ ಎರಡನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಘೋಷಣೆಯಲ್ಲಿ ಹಿಂದೂ ಧರ್ಮವನ್ನು ಹೆಸರು ಹಿಡಿದೇ ಹೇಳಿದ್ದಾರೆ, ಈ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದು ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಅಂತ. ಅವರು ತಂಗಿಗೆ ಫೋನ್ ಮಾಡಿ ಇಷ್ಟು ಹೇಳಲಿ. ಫೋನ್, ಗುಂಪಿನಲ್ಲಿ ಅಲ್ಲ. ದೇವರ ವಿಷಯ ವಾಟ್ಸಾಪಿನಲ್ಲಿ ಬರೆಯಬೇಡಿ ಅಂತ ಈ ಅಂಕಣದಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಒಂದು ಮಾತು, ಸುಮ್ನೆ ಹೇಳುತ್ತಿದ್ದೇನೆ. ನಮ್ಮ ಕುಸ್ವಾರ್ ತಟ್ಟೆಯ ನೆವ್ರಿ ಇದೆಯಲ್ಲ, ಅದನ್ನೂ ಆಂಟಿಯ ಕರಿಗಡುಬನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾರದು ಅಂತ ನಿಮ್ಮ ನಾದಿನಿಗೂ ಗೊತ್ತಾಗಲಿಕ್ಕಿಲ್ಲ. 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಚೌತಿ, ಮರುದಿನ 8ಕ್ಕೆ ನಮ್ಮ ಮೊಂತಿ ಫೆಸ್ತ್, ಮಾತೆ ಮರಿಯಳ ಹುಟ್ಟುಹಬ್ಬ. ಕಬ್ಬು, ಹೂವು, ತರಕಾರಿ ಎರಡೂ ಹಬ್ಬಕ್ಕೆ ಬೇಕು.

ಲಿಫ್ಟಿನ ಅಂಕಲ್ ವಿಷಯ ಸಣ್ಣದಲ್ಲ, ಆ ಮಾತು ಚುಚ್ಚುತ್ತದೆ, ನನಗೂ ಯಾರೋ ಕೇಳಿದ್ದಾರೆ. ಅತ್ತಿದ್ದು ತಪ್ಪಲ್ಲ, ನಕ್ಕಿದ್ದು ತಪ್ಪು. ನಿಮ್ಮ ನಂಬಿಕೆಯ ಬಗ್ಗೆ ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಿರಿ, ಆದರೆ ಸೌಮ್ಯವಾಗಿ, ಗೌರವದಿಂದ ಅಂತ ಪೇತ್ರನ ಮೊದಲ ಪತ್ರದಲ್ಲಿದೆ. 'ಸಿದ್ಧರಿರಿ' ಅನ್ನುವುದನ್ನೂ ಓದಿ. ಮತಾಂತರದ ಕಾನೂನು, ಇತಿಹಾಸ, ಯಾವ ವಾದವೂ ಲಿಫ್ಟಿನಲ್ಲಿ ಬೇಡ, ನಾಲ್ಕು ಮಹಡಿಯಲ್ಲಿ ಅದು ಮುಗಿಯುವುದಿಲ್ಲ. ನಿಮ್ಮ ಮನೆಯ ಮಾತು ಹೇಳಿ: 'ಅಂಕಲ್, ನಮಗೆ ಯಾರೂ ಏನೂ ಕೊಟ್ಟಿಲ್ಲ, ಭಾನುವಾರ ಕಾಣಿಕೆ ತಟ್ಟೆಗೆ ನಾವೇ ಹಾಕ್ತೀವಿ. ನೀವು ಹಾಗೆ ಕೇಳಿದ್ದು ನನಗೆ ನೋವಾಯ್ತು.' ಅಷ್ಟು ಸಾಕು.

ಇದೆಲ್ಲ ನಿಧಾನವಾಗಿ ಆಗಲಿ. ನಾಳೆ ಬೆಳಿಗ್ಗೆ ಮಾಡಬೇಕಾದ್ದು ಒಂದೇ. ಅವಳು ಕೆಲಸಕ್ಕೆ ಬಂದಾಗ ಪೊರಕೆ ಹಿಡಿಯುವ ಮುಂಚೆ ಕೂರಿಸಿ ಕಾಫಿ ಕೊಡಿ, ನೀವೂ ಎದುರಿಗೆ ಕೂತುಕೊಳ್ಳಿ. 'ಅವತ್ತು ಕೊಟ್ಟ ಕಡುಬು ನೈವೇದ್ಯದ್ದು, ನಾನು ತಿನ್ನೋಕೆ ಹೆದರಿ ನಿನಗೆ ಹೇಳದೆ ಕೊಟ್ಟೆ, ತಪ್ಪಾಯ್ತು' ಅಂತ ಹೇಳಿ. ಅವಳು ಬಹುಶಃ ನಗುತ್ತಾಳೆ. ಅವರ ಬೀದಿಯ ಗಣೇಶನ ಪ್ರಸಾದವನ್ನು ಅವಳು ಪ್ರತಿ ವರ್ಷ ತಿನ್ನುತ್ತಿದ್ದರೂ ಇರಬಹುದು. ಅಥವಾ ನಗದೆ ನಿಮ್ಮ ಮುಖ ನೋಡಬಹುದು. ಎರಡಕ್ಕೂ ತಯಾರಿರಿ.

ಆಂಟಿಯ ಸ್ಟೀಲ್ ಡಬ್ಬಿ ಇನ್ನೂ ನಿಮ್ಮ ಮನೆಯಲ್ಲೇ ಇದೆ ಅಂದಿದ್ದೀರಿ. ಅದನ್ನು ಹಿಂದಿರುಗಿಸುವಾಗ ಖಾಲಿ ಕೊಡಬೇಡಿ, ಒಂದು ಹಿಡಿ ಸಕ್ಕರೆಯಾದರೂ ಹಾಕಿ.