ವಾಚನ್ನು ಜಾಸ್ತಿ ನಂಬಿದ್ದೀರಿ

ನಮಸ್ಕಾರ.

ನಿಮ್ಮ ‘ಹತ್ತು ಸಾವಿರದ ಕನಸು’ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ. ಒಳ್ಳೆಯ ಲೇಖನ ಅದರ ನಾಲ್ಕನೇ ಪುಟದಲ್ಲಿ ಸಿಕ್ಕಿಕೊಂಡು ಕೂತಿದೆ.

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ಮಿದುಳು ಮತ್ತು ಬೆನ್ನುಹುರಿಯ ನರಗಳನ್ನು ಕಾಡುವ ಕಾಯಿಲೆ) ಇರುವ ನಿಮ್ಮ ಅಕ್ಕ ಕೈಗೆ ಫಿಟ್‌ನೆಸ್ ವಾಚು ಕಟ್ಟಿಕೊಂಡು ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಲು ನೋಡುತ್ತಾರೆ. ಆಗುವುದಿಲ್ಲ. ‘ಇನ್ನೂ ಪ್ರಯತ್ನ ಸಾಲದು’ ಎಂದು ನೀವು ಮುಗಿಸುತ್ತೀರಿ. ಈ ತೀರ್ಪು ಕೊಡಲು ನಿಮ್ಮ ಹತ್ತಿರ ಆಧಾರ ಏನಿದೆ? ಆ ಹತ್ತು ಸಾವಿರ ಹಬ್ಬಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಪೆಡೋಮೀಟರಿನಿಂದ, ಅಂದರೆ ಹೆಜ್ಜೆ ಎಣಿಸುವ ಸಾಧನದಿಂದ. ಎಂಎಸ್ ಇರುವವರನ್ನು ನೋಡಿ ಯಾರೂ ಅದನ್ನು ಗೊತ್ತುಮಾಡಿದ್ದಲ್ಲ.

ಈಗ ನಾಲ್ಕನೇ ಪುಟ. ಅಕ್ಕ ವಾಕರ್ ಹಿಡಿದು ಮನೆಯೆಲ್ಲ ಓಡಾಡಿದರು, ವಾಚು ಮಾತ್ರ ಬೆರಳೆಣಿಕೆಯಷ್ಟು ಹೆಜ್ಜೆ ತೋರಿಸಿತು. ‘ವಾಚು ಕೆಟ್ಟಿರಬೇಕು’ ಎಂದು ಬರೆದು ಮುಂದೆ ಹೋಗಿಬಿಟ್ಟಿರಿ! ಕೆಟ್ಟಿರಬೇಕೆಂದೇನೂ ಇಲ್ಲ. ಮಣಿಕಟ್ಟಿನ ವಾಚು ಕೈಯ ಚಲನೆಯಿಂದ ಹೆಜ್ಜೆಯನ್ನು ಊಹಿಸುತ್ತದೆ. ಎರಡೂ ಕೈ ವಾಕರ್ ಮೇಲಿದ್ದರೆ ಬೀಸುವುದಕ್ಕೆ ಕೈ ಎಲ್ಲಿದೆ? ನಿಧಾನವಾಗಿ, ಕಾಲೆಳೆದು ನಡೆದರೂ ಲೆಕ್ಕ ತಪ್ಪುತ್ತದೆ. ಅದಕ್ಕೇ ಎಷ್ಟೋ ಅಧ್ಯಯನಗಳಲ್ಲಿ ಅಕ್ಸೆಲೆರೋಮೀಟರನ್ನು, ಅಂದರೆ ಅಲುಗಾಟ ಅಳೆಯುವ ಸಾಧನವನ್ನು, ಸೊಂಟಕ್ಕೆ ಕಟ್ಟುತ್ತಾರೆ. ಗಾಲಿಕುರ್ಚಿ ಬಳಸುವವರ ಮಟ್ಟಿಗೆ ಹೆಜ್ಜೆ ಎಣಿಸುವುದೇ ಅರ್ಥವಿಲ್ಲದ ಕೆಲಸ.

ಇನ್ನೂ ಮುಖ್ಯವಾದ ಒಂದು ಸಂಗತಿಯನ್ನು ನೀವು ಮುಟ್ಟಿಯೇ ಇಲ್ಲ. ಎಂಎಸ್ ಇರುವ ಅನೇಕರಿಗೆ ಅದೇ ವೇಗದಲ್ಲಿ ನಡೆಯಲು ಬೇರೆಯವರಿಗಿಂತ ಜಾಸ್ತಿ ಶಕ್ತಿ ಬೇಕು. ಇಷ್ಟು ಅಲುಗಾಟವಾದರೆ ‘ಮಧ್ಯಮ ಶ್ರಮ’ ಎಂಬ ಗೆರೆಯನ್ನು ಆರೋಗ್ಯವಂತರನ್ನು ಅಳೆದು ಎಳೆದಿದ್ದರೆ, ಅಕ್ಕ ಪಟ್ಟ ಶ್ರಮ ಆ ಗೆರೆಯ ಕೆಳಗೇ ಉಳಿದುಬಿಡುತ್ತದೆ. ಎಂಎಸ್ ಇರುವವರಿಗೆಂದೇ ಸಂಶೋಧಕರು ಬೇರೆ, ಕೆಳಗಿನ ಗೆರೆ ಹುಡುಕಿದ್ದು ಇದೇ ಕಾರಣಕ್ಕೆ. ಸಂಖ್ಯೆ ಕಡಿಮೆ, ಆದ್ದರಿಂದ ಶ್ರಮವೂ ಕಡಿಮೆ ಎಂಬ ನಿಮ್ಮ ಇಡೀ ವಾದ ಇಲ್ಲೇ ಬೀಳುತ್ತದೆ.

ಒಂದೇ ಭಾನುವಾರದ ಲೆಕ್ಕ ಹಿಡಿದು ಬರೆದದ್ದೂ ಸರಿಯಲ್ಲ. ಈ ಕಾಯಿಲೆಯಲ್ಲಿ ಇವತ್ತಿನ ಹಾಗೆ ನಾಳೆ ಇರುವುದಿಲ್ಲ. ಸುಸ್ತು ಇದೆ, ಮೈ ಬಿಸಿಯಾದರೆ ಲಕ್ಷಣಗಳು ಕೆರಳುವುದಿದೆ. ಅಧ್ಯಯನಗಳಲ್ಲಿ ಸಾಮಾನ್ಯವಾಗಿ 7 ದಿನ ಸಾಧನ ಕಟ್ಟಿಸಿ, 10 ಗಂಟೆಗಿಂತ ಕಡಿಮೆ ಧರಿಸಿದ ದಿನವನ್ನು ಲೆಕ್ಕದಿಂದ ಬಿಡುತ್ತಾರೆ.

ಆಸ್ಪತ್ರೆಯ ಆರು ನಿಮಿಷದ ನಡಿಗೆ ಪರೀಕ್ಷೆಯನ್ನೂ ಮನೆಯ ವಾಚನ್ನೂ ಒಂದೇ ಎಂಬಂತೆ ಬಳಸಿದ್ದೀರಿ. ಮೊದಲನೆಯದು ಎಷ್ಟು ನಡೆಯಬಲ್ಲರು ಎಂದು ಹೇಳುತ್ತದೆ. ದಿನವೂ ಎಷ್ಟು ನಡೆಯುತ್ತಾರೆ ಅನ್ನುವುದು ಬೇರೆ ಪ್ರಶ್ನೆ, ಅಲ್ವಾ?

ಎಷ್ಟು ವ್ಯಾಯಾಮ ಮಾಡಿದಿರಿ ಎಂದು ಕೇಳುವ ಪ್ರಶ್ನಾವಳಿಗಳನ್ನು ‘ಸುಳ್ಳಿನ ಕಂತೆ’ ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದು ಅವಸರದ ಮಾತು. 1985ರ ಗೋಡಿನ್ ಪ್ರಶ್ನಾವಳಿ ವಾರದಲ್ಲಿ ಎಷ್ಟು ಸಲ ಎಂದು ಕೇಳಿ, ಜೋರಾದ ವ್ಯಾಯಾಮವನ್ನು 9ರಿಂದ, ಮಧ್ಯಮವನ್ನು 5ರಿಂದ, ಹಗುರವನ್ನು 3ರಿಂದ ಗುಣಿಸಿ ಕೂಡುತ್ತದೆ. ನೆನಪು ಕೈಕೊಡುತ್ತದೆ, ನಿಜ. ಬಿಡುವಿನ ವೇಳೆಯದನ್ನಷ್ಟೇ ಕೇಳುವುದರಿಂದ ಮನೆಗೆಲಸ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಆ ನಡಿಗೆ ವ್ಯಾಯಾಮಕ್ಕೋ, ಮನೆಗೆಲಸಕ್ಕೋ ಅಂತ ಹೆಜ್ಜೆಯ ಸಂಖ್ಯೆಗೇನು ಗೊತ್ತು? ಅದನ್ನು ಅಕ್ಕನನ್ನೇ ಕೇಳಬೇಕು. ಅಂದಹಾಗೆ, ನಿಮ್ಮ ಬರಹದಲ್ಲಿ ಅಕ್ಕ ಒಂದು ಮಾತೂ ಆಡುವುದಿಲ್ಲ.

‘ಧೀರೆ’, ‘ಸ್ಫೂರ್ತಿಯ ಚಿಲುಮೆ’ ಎಲ್ಲ ತೆಗೆಯಿರಿ. ನಾಲ್ಕನೇ ಪುಟದಿಂದಲೇ ಶುರುಮಾಡಿ. ಅಕ್ಕ ಒಂದು ವಾರ ಏನೇನು ಮಾಡಿದರು, ಯಾವುದು ಸುಸ್ತು ಮಾಡಿತು ಎಂದು ಅವರ ಮಾತಲ್ಲೇ ಬರೆದುಕೊಂಡು, ವಾಚಿನ ಸಂಖ್ಯೆಯ ಪಕ್ಕದಲ್ಲಿ ಇಡಿ. ಅವರ ಒಪ್ಪಿಗೆಯನ್ನೂ ಕೇಳಿ, ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಒಪ್ಪಿದರೆ ಕಳಿಸಿ, ಮತ್ತೆ ಓದುತ್ತೇನೆ.